ಸ್ಕಾರ್ವಿಕ್ ಮನೆಯ ದೋಣಿ

ಹಲ್ಲುಗಳ ನಡುವೆ ಸಕ್ಕರೆ ತುಂಡು ಕಚ್ಚಿಕೊಂಡು ಕಪ್ಪಿನ ತಟ್ಟೆಗೆ ಸುರಿದ ಕಾಫಿಯನ್ನು ಹೀರುವ ಆ ಸದ್ದು, ಸುರ್ರೆಂದು ಎದ್ದು ಕೊನೆಗೊಂದು ಸಣ್ಣ ನಿಟ್ಟುಸಿರಿನಲ್ಲಿ ಇಳಿಯುವುದು — ಅಪ್ಪನದೇ, ಅಪ್ಪ ಹೋಗಿ ಹತ್ತೊಂಬತ್ತು ವರ್ಷ, ಮಿನೆಸೋಟಾದ ಅಡುಗೆಮನೆಯಲ್ಲಿ ಅಮ್ಮ ಗೊಣಗುತ್ತಿದ್ದಳು, ದನ ಕಲಗಚ್ಚು ಕುಡಿದ ಹಾಗೆ ಕುಡೀತೀರಲ್ಲ, ಮನೇಗೆ ಪಾದ್ರಿ ಬಂದಾಗಾದ್ರೂ ಬಿಡಿ — ಈಗ ಅದೇ ಸದ್ದು ಸಮುದ್ರದ ಈಚೆ, ನಾರ್ವೆಯ ಈ ಕಣಿವೆಯ ಮನೆಯಲ್ಲಿ, ಮೊನ್ನೆಯವರೆಗೆ ಹೆಸರೂ ಗೊತ್ತಿರದ ಮುದುಕನ ಬಾಯಿಂದ ಬರುತ್ತಿದೆ, ಆರ್ಡಿಸಳಿಗೆ ಸಂತೋಷವಾಗಬೇಕಿತ್ತು, ಇದಕ್ಕೇ ಅಲ್ಲವೇ ಬಂದದ್ದು, ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಂಡವರ ಕಾಗದ ವಿಂಗಡಿಸಿ, ಅರವತ್ತೇಳನೆಯ ವಯಸ್ಸಿಗೆ ಮೊದಲ ಸಲ ವಿಮಾನ ಹತ್ತಿ, ಆದರೆ ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಕಿಟಕಿಯಾಚೆ ಜುಲೈ ಬಿಸಿಲು, ಕೊಯ್ದ ಹುಲ್ಲನ್ನು ತಂತಿಗೆ ಒಣಹಾಕಿದ ವಾಸನೆ, ಕೆಳಗೆ ಸರೋವರ, ಒಂದು ಗೆರೆಯೂ ಕದಲದ ನೀರು, ಅದರ ಮೇಲೆ ಒಂದು ದೋಣಿಯೂ ಇಲ್ಲ. ಮುತ್ತಜ್ಜ ಗುನ್ನಾರ್ ಸ್ಕಾರ್ವಿಕ್ ಹುಟ್ಟಿದ ಮನೆ ಇದು, ಸಾವಿರದ ಎಂಟುನೂರ ಎಂಬತ್ತೆಂಟರ ಡಿಸೆಂಬರಿನಲ್ಲಿ ಒಂದು ಮರದ ಪೆಟ್ಟಿಗೆ ಹೊತ್ತು ಅಮೆರಿಕದ ಹಡಗು ಹತ್ತಿದವನು, ಇಪ್ಪತ್ತಮೂರು ವರ್ಷದ ಬ್ರಹ್ಮಚಾರಿ, ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ, ಆಗಸ್ಟಿನಲ್ಲಿ ಮಿನೆಸೋಟಾದ ಚರ್ಚಿನ ಅಂಗಳದಲ್ಲಿ ಅವನ ವಂಶದ ನೂರಿಪ್ಪತ್ತು ಜನ ಸೇರುತ್ತಾರೆ, ಅಣ್ಣ ವರ್ಲಿನ್ ಆಗಲೇ ನೀಲಿ ಅಂಗಿ ಹೊಲಿಸಿಟ್ಟಿದ್ದಾನೆ, ಎದೆಯ ಮೇಲೆ ಗುನ್ನಾರನ ಮಕ್ಕಳು ಎಂಬ ಬರಹ, ಚಳಿಗೆ ಬಿರುಕುಬಿಟ್ಟ ಹಳೆಯ ಸಮಾಧಿಕಲ್ಲಿಗೆ ಬದಲಾಗಿ ಹೊಸ ಕಲ್ಲು, ನೀನು ಹೋಗಿ ನೋಡ್ಕೊಂಡು ಬಾರೇ ಆರ್ಡಿ, ನಮ್ಮಲ್ಲಿ ಓದೋದು ಬರೆಯೋದು ನೀನೇ ತಾನೇ, ಬಂದು ನಾಕು ಮಾತಾಡು, ಜನ ಅಳೋ ಹಾಗಿರ್ಬೇಕು. ಇಲ್ಲಿಯ ಚರ್ಚಿನ ಕಚೇರಿಯಿಂದ ಬಂದ ಕಾಗದದಲ್ಲಿ ಒಂದೇ ಒಂದು ಸಾಲು ಗಂಟಲಿನ ಮುಳ್ಳಿನಂತಿತ್ತು, ಗುನ್ನಾರ್ ಸ್ಕಾರ್ವಿಕ್ ಹುಟ್ಟಿದ ದಾಖಲೆ ಸಿಕ್ಕಿದೆ, ಆದರೆ ಅದೇ ಹೆಸರಿನವನನ್ನು ಎಂಬತ್ತೊಂಬತ್ತರ ಮೇ ತಿಂಗಳಲ್ಲಿ ಇಲ್ಲೇ ಹೂಳಿದ ದಾಖಲೆಯೂ ಇದೆ — ಬರೆದವರ ಕೈತಪ್ಪು, ಅಥವಾ ಬೇರೆ ಗುನ್ನಾರ್, ಅಂಚೆಯಲ್ಲಿ ಇಂಥ ಎಷ್ಟು ಹೆಸರಿನ ಗೊಂದಲ ಬಿಡಿಸಿಲ್ಲ ಅವಳು. ಆದರೆ ಬೆಳಗ್ಗೆ ಊರಿನ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವಾಗ ಯಾರ ಮನೆಗೆ ಬಂದಿರಿ ಎಂದು ನಗುತ್ತಾ ಕೇಳಿದ ಹೆಂಗಸು, ಸ್ಕಾರ್ವಿಕ್ ಎಂದೊಡನೆ ನಗು ನಿಲ್ಲಿಸಿ ಬ್ರೆಡ್ಡನ್ನು ಎರಡೆರಡು ಸಲ ಸುತ್ತಿದಳು, ಕರೆದೊಯ್ಯಲು ಬಂದ ಯೋರುನ್, ಈ ಮುದುಕನ ಮಗಳು, ಐವತ್ತರ ಗಟ್ಟಿ ಹೆಂಗಸು, ದಾರಿಯುದ್ದಕ್ಕೂ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಹೇಳಿದ್ದು ಒಂದೇ ಮಾತು, ಅಪ್ಪನಿಗೆ ಎಂಬತ್ನಾಲ್ಕು, ಅವರು ಏನಾದ್ರೂ ಹೇಳಿದ್ರೆ ಬೇಜಾರ್ ಮಾಡ್ಕೋಬೇಡಿ.

ಮುದುಕ ತಟ್ಟೆ ಕೆಳಗಿಟ್ಟ. ಹಲ್ವಾರ್ ಎಂದು ಹೆಸರು, ಯೌವನದಲ್ಲಿ ಹಡಗಿನಲ್ಲಿ ದುಡಿದವನಾದ್ದರಿಂದ ಇಂಗ್ಲಿಷು ಬರುತ್ತದೆ, ಒರಟು ಇಂಗ್ಲಿಷು, ಬಂದರಿನದು. ಇನ್ನೊಂದು ರೊಟ್ಟಿ ತಗೋ ತಂಗಿ, ಎಂದ, ತಂಗಿ ಎಂದನಲ್ಲ, ಉಪಚಾರಕ್ಕೆ ಇರಬೇಕು, ತೆಳು ರೊಟ್ಟಿಯ ಮೇಲೆ ಕಂದು ಚೀಸು ಹರಡಿ ಮಡಚಿ ಅವಳ ಮುಂದಿಟ್ಟ, ಮಡಚುವುದೂ ಅಪ್ಪನ ಹಾಗೆಯೇ, ಮೊದಲು ಎಡದ ಅಂಚು, ಮತ್ತೆ ಬಲದ್ದು, ಅವನ ಕಿವಿ ನೋಡು, ಕೆಳತುದಿ ಕೆನ್ನೆಗೆ ಅಂಟಿಕೊಂಡದ್ದು, ವರ್ಲಿನ್‌ನ ಕಿವಿ — ಗುನ್ನಾರನಿಗೆ ಒಬ್ಬ ಅಣ್ಣನಿದ್ದ ಎಂದು ಅವಳಿಗೆ ಗೊತ್ತು, ಎಂಡ್ರೆ, ಹೊಲ ಮನೆ ಅವನ ಪಾಲಿಗೆ ಬಂದಿತ್ತು, ಇವರು ಎಂಡ್ರೆಯ ಕಡೆಯವರು, ಅಣ್ಣತಮ್ಮಂದಿರ ಸಂತಾನಕ್ಕೆ ಕಿವಿ ಒಂದೇ ಥರ ಇದ್ದರೇನು ಆಶ್ಚರ್ಯ. ಫೋಟೋ ತಂದಿದ್ದೀಯಂತಲ್ಲ, ತೋರಿಸು, ಎಂದ ಹಲ್ವಾರ್. ಅವಳು ಚೀಲದಿಂದ ತೆಗೆದಳು, ಮುತ್ತಜ್ಜನ ಮದುವೆಯ ಚಿತ್ರ, ತೊಂಬತ್ತೆರಡನೆಯ ಇಸವಿ, ಮಿನೆಸೋಟಾ, ಪಕ್ಕದಲ್ಲಿ ಮುತ್ತಜ್ಜಿ ಕುರ್ಚಿಯ ಮೇಲೆ, ಅವನು ನಿಂತಿದ್ದಾನೆ, ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತಿದೆ. ಮುದುಕ ಅದನ್ನು ನೋಡಲೇ ಇಲ್ಲ ಎನ್ನಬೇಕು, ಒಂದು ಕ್ಷಣ ಕಣ್ಣು ಹಾಯಿಸಿ ಮಗಳ ಕಡೆ ತಿರುಗಿದ, ತಾ. ಅಪ್ಪಾ ಬೇಡ, ಅವರು ಎಷ್ಟು ದೂರದಿಂದ ಬಂದಿದಾರೆ, ಯೋರುನ್ ಎಂದಳು. ಅದಕ್ಕೇ ತಾ ಅಂದಿದ್ದು. ಅವಳು ಒಳಕೋಣೆಗೆ ಹೋದಳು, ಡ್ರಾಯರ್ ಎಳೆದ ಸದ್ದು, ಗಡಿಯಾರ, ನೊಣ, ಬಂದಳು, ಇನ್ನೊಂದು ಫೋಟೋವನ್ನು ಮೇಜಿನ ಮೇಲೆ ಅಮೆರಿಕದ ಫೋಟೋದ ಪಕ್ಕದಲ್ಲಿಟ್ಟಳು. ಇದೂ ಮದುವೆ. ಬೇರೆ ಹೆಣ್ಣು, ತಲೆಯ ಮೇಲೆ ಬೆಳ್ಳಿ ಕಿರೀಟ. ಗಂಡು ಅವನೇ. ಅದೇ ಜೋತ ರೆಪ್ಪೆ, ಅದೇ ಕಿವಿ, ಐದು ವರ್ಷ ಚಿಕ್ಕವನು. ಇದು ಯಾರು ಗೊತ್ತಾ, ನಮ್ಮ ಮುತ್ತಜ್ಜಿ ಮಾರಿತ್, ಪಕ್ಕದಲ್ಲಿ ಅವಳ ಗಂಡ ಎಂಡ್ರೆ, ನನ್ನ ಮುತ್ತಜ್ಜ, ಎಂದು ಹಲ್ವಾರ್ ಬೆರಳಿಟ್ಟ, ಬೆರಳು ಹಾಗೇ ಜಾರಿ ಅವಳ ಫೋಟೋದ ಮೇಲೆ ಬಂದು ನಿಂತಿತು, ನಿನ್ನ ಮುತ್ತಜ್ಜನೂ.

ಅಣ್ಣತಮ್ಮಂದಿರು ತದ್ರೂಪಿಗಳಾಗಿರುವುದುಂಟು, ಎಂದಳು ಆರ್ಡಿಸ್, ದನಿ ಅಂಚೆ ಕಚೇರಿಯ ಕಿಟಕಿಯ ಹಿಂದಿನಿಂದ ಬಂದ ಹಾಗಿತ್ತು. ಗುನ್ನಾರ್ ಕೆಂಚ, ಕುಳ್ಳ, ಮುಖದ ತುಂಬ ಸಿಡುಬಿನ ಕಲೆ, ಎಂದ ಮುದುಕ, ಕೋಪವಿಲ್ಲದೆ, ಹವಾಮಾನ ಹೇಳಿದಂತೆ, ಟಿಕೆಟ್ಟು ಅವನದು, ಕಾಗದಪತ್ರ ಅವನದು, ಡಿಸೆಂಬರಿಗೆ ಹೊರಡೋನಿದ್ದ, ಅದಕ್ಕೆ ಮುಂಚೆ ನವೆಂಬರಲ್ಲಿ ಕೊನೇ ಸಲ ಬಲೆ ಎತ್ತೋಕೆ ಅಣ್ಣತಮ್ಮ ಇಬ್ರೂ ಹೋದ್ರು, ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು, ಇಬ್ರೂ ಬರ್ಲಿಲ್ಲ, ದೋಣಿ ಆಚೆ ದಡದಲ್ಲಿ ಖಾಲಿ ಸಿಕ್ತು, ಮಾರಿತ್ ಕೈಯಲ್ಲಿ ಮೂರು ತಿಂಗಳ ಕೂಸು, ನನ್ನಜ್ಜಿ, ಇಬ್ಬರಿಗೂ ಒಟ್ಟಿಗೇ ಅತ್ತಳಂತೆ. ಮೇ ತಿಂಗಳಲ್ಲಿ ಗಡ್ಡೆ ಕರಗಿದಾಗ ಒಬ್ಬ ಮೇಲೆ ಬಂದ, ಗುನ್ನಾರ್. ಇನ್ನೊಬ್ಬ ಬರ್ಲೇ ಇಲ್ಲ. ಹನ್ನೆರಡು ವರ್ಷ ಆದ್ಮೇಲೆ ಈ ಊರಿನೋನೊಬ್ಬ ಅಮೆರಿಕದಿಂದ ವಾಪಸ್ ಬಂದು ಹೇಳ್ದ, ಅಲ್ಲೊಂದು ಚರ್ಚಲ್ಲಿ ಎಂಡ್ರೆನ ನೋಡ್ದೆ, ಎಲ್ರೂ ಅವನನ್ನ ಗುನ್ನಾರ್ ಅಂತಾರೆ, ಮಾತಾಡ್ಸಿದ್ರೆ ನೀವ್ಯಾರೋ ಗೊತ್ತಿಲ್ಲ ಅಂದು ಹಿಂದಿನ ಬಾಗಿಲಿಂದ ಹೋದ. ಆರ್ಡಿಸ್ ರೊಟ್ಟಿ ಕೈಯಲ್ಲೇ ಹಿಡಿದಿದ್ದಾಳೆ. ಓಡಿಹೋದನೆಂದೇ ಇರಲಿ, ಎಂದುಕೊಳ್ಳುತ್ತಾಳೆ, ತಮ್ಮ ಕಾಲುಜಾರಿ ಮುಳುಗಿದ, ಇವನು ದಿಕ್ಕುತೋರದೆ ತಮ್ಮನ ಹೆಸರು ಹೊತ್ತು ಓಡಿದ, ಹೆಂಡತಿಯನ್ನು ಬಿಟ್ಟ, ಮೂರು ತಿಂಗಳ ಕೂಸನ್ನು ಬಿಟ್ಟ, ಅದೂ ಪಾಪವೇ, ಆದರೆ ಮನುಷ್ಯರು ಮಾಡುವಂಥ ಪಾಪ, ನೂರಿಪ್ಪತ್ತು ಜನರಿಗೆ ಹೇಗೋ ತಗ್ಗಿದ ದನಿಯಲ್ಲಿ ಹೇಳಬಹುದಾದದ್ದು, ಏನು ಯೋಚಿಸ್ತಿದ್ದೀಯ ಗೊತ್ತು ತಂಗಿ, ಎಂದ ಹಲ್ವಾರ್, ನಾನೂ ಸಣ್ಣೋನಿದ್ದಾಗ ಹಾಗೇ ಯೋಚಿಸ್ತಿದ್ದೆ, ಕೋಲು ಊರಿ ಎದ್ದ, ಬಾ. ಯೋರುನ್ ಬರಲಿಲ್ಲ. ತೊಳೆದ ಬಟ್ಟಲುಗಳನ್ನೇ ಮತ್ತೆ ತೊಳೆಯುತ್ತಾ ಬೆನ್ನುಹಾಕಿ ನಿಂತಳು.

ಇಳಿಜಾರು, ಹುಲ್ಲಿನ ಸಾಲುಗಳ ನಡುವೆ ಕಾಲುಹಾದಿ, ಮುದುಕ ಮುಂದೆ, ಅವಳು ಹಿಂದೆ, ಜೀರುಂಡೆಗಳು ಒಮ್ಮೆಲೇ ನಿಂತವು, ನೀರಿನಂಚಿಗೆ ಕಲ್ಲು ಮತ್ತು ಮರದ ಕೊಟ್ಟಿಗೆ, ಬಾಗಿಲು ನೀರಿನ ಕಡೆಗಿಲ್ಲ, ಆ ಕಡೆ ಹಲಗೆ ಹೊಡೆದು ಮುಚ್ಚಿದ್ದಾರೆ, ಹಿಂಬದಿಯಲ್ಲಿ ಸಣ್ಣ ಬಾಗಿಲು. ಒಳಗೆ ಹಳೆಯ ಡಾಂಬರಿನ ವಾಸನೆ, ಒಣಗಿದ, ಸಿಹಿಯಾದ, ಹಲಗೆ ಸಂದುಗಳಿಂದ ಬಿಸಿಲಿನ ಪಟ್ಟೆಗಳು, ಅವುಗಳ ಕೆಳಗೆ ದೋಣಿ, ಎರಡೂ ತುದಿ ಚೂಪಾದದ್ದು, ಬೂದಿ ಬಣ್ಣ, ಎಷ್ಟು ತೆಳ್ಳಗೆ ಒಣಗಿದೆಯೆಂದರೆ ಮುಟ್ಟಿದರೆ ಉಸಿರಾಡೀತು. ಮಾರಿತ್ ಇದನ್ನ ಎಳೆಸಿ ಇಲ್ಲಿಟ್ಟಳು, ನೀರಿಗಿಳಿಸ್ಬೇಡಿ, ಸುಡ್ಲೂಬೇಡಿ ಅಂದಳು, ಎಂಡ್ರೆಯ ಅಮೆರಿಕದ ಕಡೆಯವರು ಒಂದಿನ ಬರ್ತಾರೆ ಅಂದಳು, ಗುನ್ನಾರನ ಹೆಣ ತೊಳೆದದ್ದು ಅವಳೇ, ಎಡಗೈಲಿ ಮೂರು ಬೆರಳಿರಲಿಲ್ಲ, ಮೀನು ತಿಂದ್ರೆ ಹಾಗೆ ಒಂದೇ ಸಮ ತಿನ್ನಲ್ಲ ಅಂತ ಅವಳಿಗೆ ಗೊತ್ತಿತ್ತು, ಗಡ್ಡೆ ಒಡೆಯೋಕೆ ಕೊಡಲಿ ದೋಣೀಲೇ ಇರ್ತಿತ್ತು, ಎಂದ ಹಲ್ವಾರ್, ಕೋಲಿನ ತುದಿಯಿಂದ ದೋಣಿಯ ಅಂಚನ್ನು ತೋರಿಸಿದ, ಒಂದು ಕಚ್ಚು. ಒಂದೇ ಏಟಿನದು, ನೇರ, ಮೂರು ಬೆರಳಗಲ. ಅವಳು ನೋಡಿದಳು, ಕಣ್ಣು ತೆಗೆದಳು, ಮತ್ತೆ ನೋಡಿದಳು. ಅಜ್ಜಿ ಹೇಳುತ್ತಿದ್ದಳಲ್ಲ, ಮುತ್ತಜ್ಜ ಸಾಯುವಾಗಿನ ತಮಾಷೆಯ ಕಥೆ, ಮೂವತ್ತೇಳರ ಜುಲೈ, ಗೋಧಿ ಹೊಲ ಸುಡುವಂಥ ಸೆಖೆ, ಹಾಸಿಗೆ ಹತ್ತಿರ ಬಂದವರಿಗೆಲ್ಲ ಉಣ್ಣೆಯ ಕೈಗವಸು ಹಾಕ್ಕೊಂಡು ಬನ್ನಿ ಅನ್ನುತ್ತಿದ್ದನಂತೆ, ಪಾದ್ರಿಗೂ ಬಿಡಲಿಲ್ಲ, ಪಾಪ, ಇನ್ನೂ ನಾರ್ವೆಯ ಚಳೀಲೇ ಇದೀನಿ ಅಂದ್ಕೊಂಡಿದ್ದ ಅಂತ ನಾವು ನಕ್ಕಿದ್ದೇ ನಕ್ಕಿದ್ದು, ಪ್ರತಿ ಕ್ರಿಸ್ಮಸ್ಸಿಗೂ ನಗು, ಮಕ್ಕಳು ಕೈಗವಸು ತೊಟ್ಟು ಅವನನ್ನು ಅಣಕಿಸುವುದು, ಅವಳೂ ಅಣಕಿಸಿದ್ದಾಳೆ — ಬರೀ ಕೈ ನೋಡಲಾರದೆ ಹೋದ, ಅಷ್ಟೇ, ನೂರಿಪ್ಪತ್ತು ಜನ, ಇನ್ನೂರನಲವತ್ತು ಕೈ, ಎಲ್ಲ ಅವನ ಬಲಗೈಯಿಂದ ಇಳಿದು ಬಂದವು, ನಿಂಗೇನ್ ಬೇಕು ಎಂದು ಮುದುಕನನ್ನು ಕೇಳಿದಳು. ನಂಗೇನೂ ಬೇಡ ತಂಗಿ, ಗುನ್ನಾರ್ ಇಲ್ಲಿದ್ದಾನೆ, ಅವನ ಹೆಸರು ಅವನಿಗೆ ಬಿಟ್ಟುಕೊಡಿ. ಅಷ್ಟರಲ್ಲಿ ಚೀಲದಲ್ಲಿ ಫೋನು, ವರ್ಲಿನ್, ಅಲ್ಲಿ ಈಗ ಬೆಳಗಾಗಿರಬೇಕು, ಆರ್ಡಿ, ಸಿಕ್ತೇನೇ ಮನೆ, ಜನ ಒಳ್ಳೆಯೋರಾ, ನೋಡು, ಕಲ್ಲು ಕೆತ್ತೋನು ಇಲ್ಲೇ ನಿಂತಿದಾನೆ, ಹೆಸರಿನ ಅಕ್ಷರ ಒಂದ್ಸಲ ಹೇಳ್ಬಿಡು, ಗುನ್ನಾರ್ ಅಂತ ತಾನೇ. ಹೇಳಬಹುದು, ಹೂಂ ಎನ್ನುವುದು ಎಷ್ಟು ಸುಲಭ, ಒಂದುಸಿರು, ಆಗಸ್ಟಿನಲ್ಲಿ ಎಲ್ಲರೂ ಅಳುತ್ತಾರೆ, ನೀಲಿ ಅಂಗಿ, ಮಕ್ಕಳ ಓಟದ ಪಂದ್ಯ. ಕೆತ್ತಬೇಡ ಅನ್ನು ವರ್ಲಿನ್, ಎಂದಳು. ಏನು, ಕೇಳಿಸ್ತಿಲ್ಲ. ಗುನ್ನಾರ್ ಅಂತ ಕೆತ್ತಬೇಡ ಅನ್ನು, ಅದು ಅವನ ಹೆಸರಲ್ಲ, ಅವನ ಹೆಸರು ಎಂಡ್ರೆ. ಯಾಕೇ, ಏನಾಯ್ತು, ಯಾಕೆ ಹಾಗಂತೀಯ, ಆರ್ಡಿ, ಮಾತಾಡೇ — ದನಿ ಸಣ್ಣದಾಗಿ ಕಿವಿಯ ಹತ್ತಿರ ಕೂಗುತ್ತಲೇ ಇದೆ, ಅವಳ ಎಡಗೈ ದೋಣಿಯ ಅಂಚನ್ನು ಹಿಡಿದುಕೊಂಡಿದೆ, ಯಾವಾಗ ಹಿಡಿದಳೋ, ಬೆರಳುಗಳು ತಾವಾಗಿಯೇ ಕಚ್ಚಿನೊಳಗೆ ಕೂತಿವೆ, ಮೂರು, ಸರಿಯಾಗಿ ಮೂರು, ಮರ ಅವುಗಳ ಕೆಳಗೆ ನುಣುಪಾಗಿದೆ, ತೆಗೆಯಬೇಕು, ಕೈ ತೆಗೆಯಬೇಕು, ಕಚ್ಚು, ಮೂರು ಬೆರಳಗಲ, ಕಚ್ಚು