ಶ್ರುತಿ ಬಂದವರು

ಮೆರವಣಿಗೆ ಮುಗಿದ ಮೇಲೆ ಬ್ಯಾಂಡಿನವರು ಮಾತಾಡುತ್ತಿರಲಿಲ್ಲ. ಯಮನೂರಪ್ಪ ಮಾಸ್ತರರ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದರು. ಕೆಂಪು ಕೋಟಿನ ಗುಂಡಿ ಬಿಚ್ಚಿರುತ್ತಿತ್ತು, ಟೊಪ್ಪಿಗೆ ತೊಡೆಯ ಮೇಲೆ, ಕಣ್ಣು ಮುಚ್ಚಿ. ಮೊದಲ ಸಲ ನೋಡಿದಾಗ ದಣಿದು ನಿದ್ದೆ ಹೋಗಿದ್ದಾರೆ ಎಂದುಕೊಂಡೆ. ಆಮೇಲೆ ಮುಖಗಳನ್ನು ನೋಡಿದೆ. ನಿದ್ದೆಯಲ್ಲಿ ಮುಖ ಸಡಿಲವಾಗುತ್ತದೆ. ಇವರ ಮುಖ ಬಿಗಿಯಾಗಿತ್ತು. ದೂರದಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಿರುವಂತೆ, ಅದು ತಮ್ಮ ಹೆಸರೇ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳುವವರಂತೆ, ತಲೆಯನ್ನು ಒಂದಿಷ್ಟು ಓರೆ ಮಾಡಿ ಕೇಳುತ್ತಿದ್ದರು.

ಕೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು. ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾಸ್ತರರು ಕಣ್ಣು ತೆರೆದು ನನ್ನ ಕಡೆ ತಿರುಗಿದರು.

“ಬಂತೇನಪಾ?”

“ಏನ್ರೀ ಮಾಸ್ತರ?”

“ಬಂದಿದ್ರ ಏನು ಅಂತ ಕೇಳ್ತಿದ್ದಿಲ್ಲ ನೀ,” ಎಂದು ಮತ್ತೆ ಕಣ್ಣು ಮುಚ್ಚಿದರು.

ಹಾಸ್ಟೆಲಿನಲ್ಲಿದ್ದಾಗ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದಲು ಕಲಿತಿದ್ದೆ. ಓದು ಮುಗಿಯಿತು, ಕೆಲಸ ಸಿಗಲಿಲ್ಲ, ಆ ಊರಿಗೆ ಬಂದು ಮಾಸ್ತರರ ಬ್ಯಾಂಡ್ ಸೇರಿದೆ. ಮಾಸ್ತರರದು ಕ್ಲಾರಿಯೊನೆಟ್, ಅವರ ಮಗ ಸಂಗಪ್ಪನದು ಸೈಡ್ ಡ್ರಮ್. ಮುಂದಿನ ಸಾಲಿನ ಕಾರ್ನೆಟ್ ಚಾಂದಸಾಹೇಬರದು. ಮುಂದಿನ ಸಾಲಿನವರ ಟೊಪ್ಪಿಗೆಗೆ ಜರಿಯ ತುರಾಯಿ ಇರುತ್ತಿತ್ತು. ಹಿಂದೆ ನಿಲ್ಲುವ ನಮ್ಮ ಟೊಪ್ಪಿಗೆಗಳು ಬೋಳು. ಕಾರ್ನೆಟ್ ಊದುವವನಿಗೆ ಮುಂದಿನ ಹಲ್ಲು ಗಟ್ಟಿ ಇರಬೇಕು. ಚಾಂದಸಾಹೇಬರ ಹಲ್ಲು ಅಲ್ಲಾಡತೊಡಗಿದ್ದವು. ಅವರ ಜಾಗ ನನಗೇ ಬರಬೇಕು ಎಂದು ಸೇರಿದ ಹೊಸದರಲ್ಲೇ ತೀರ್ಮಾನಿಸಿದ್ದೆ. ಹಿಂದಿನ ಸಾಲಿನಲ್ಲಿ ನನ್ನಷ್ಟು ಚೆನ್ನಾಗಿ ಊದುವವರು ಬೇರೆ ಇರಲಿಲ್ಲ. ಚೆನ್ನಾಗಿ ಊದಿದರೆ ಸಾಲದು ಎಂದು ಚಾಂದಸಾಹೇಬರೇ ತಿಳಿಸಿದರು.

“ಶ್ರುತಿ ಬರಬೇಕು, ತಮ್ಮಾ. ಶ್ರುತಿ ಬರದವರನ್ನ ಮಾಸ್ತರ ಮುಂದ ನಿಂದರಸೂದಿಲ್ಲ.”

“ಹಂಗಂದ್ರ?”

“ಬಾರಿಸಿ ಬಂದ ಮ್ಯಾಲ ಕಿವ್ಯಾಗ ಗುಂಯ್ ಅಂತೈತಿಲ್ಲ, ಅದು ಎಲ್ಲಾರಿಗೂ ಬರ್ತೈತಿ. ಮಲಗಿ ಎದ್ರ ಹೋಗ್ತೈತಿ. ಒಂದು ದಿನ ಹೋಗೂದಿಲ್ಲ. ಅಲ್ಲೇ ಕುಂದರತೈತಿ. ವಾದ್ಯ ನಿನ್ನೊಳಗ ಮನಿ ಮಾಡ್ತು ಅಂತ ತಿಳಿ. ಆಮ್ಯಾಲ ಸಾಯೂತನಕ ನೀ ಒಬ್ಬನ ಇರೂದಿಲ್ಲ.”

“ಅದು ಕಿವಿ ಕೆಟ್ಟಿದ್ದಲ್ಲೇನ್ರಿ?”

ಅವರು ನಕ್ಕರು. “ಈ ಕೆಟ್ಟ ಕಿವಿ ತಗೊಂಡು ನಾ ಇಷ್ಟು ವರ್ಷ ಊದೀನಿ. ನಿನ್ನ ಛಲೋ ಕಿವಿ ನಿನ್ನೆ ಎಷ್ಟು ಕಡೆ ತಪ್ಪಿತು?”

ನಾನು ಇಂಥದ್ದನ್ನು ನಂಬುವವನಲ್ಲ. ಆದರೆ ನಾನು ನಂಬುವುದು ಬಿಡುವುದರಿಂದ ತುರಾಯಿಗೆ ಏನೂ ಆಗಬೇಕಾಗಿರಲಿಲ್ಲ. ಅಂದಿನಿಂದ ನಾನೂ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕಾಯತೊಡಗಿದೆ.

ಆ ಊರಿನಲ್ಲಿ ಕೋಟೆ ಸಂದಿ ಎಂದು ಒಂದು ಜಾಗವಿತ್ತು. ಒಂದು ಕಡೆ ಹಳೆಯ ಕೋಟೆಯ ಗೋಡೆ, ಇನ್ನೊಂದು ಕಡೆ ಹತ್ತಿಯ ಗೋದಾಮಿನ ಗೋಡೆ, ನಡುವೆ ಎರಡು ಬಂಡಿ ಎದುರುಬದುರಾದರೆ ಸಿಕ್ಕಿಕೊಳ್ಳುವಷ್ಟು ದಾರಿ. ಯಾವ ಮದುವೆಯ ಮೆರವಣಿಗೆಯಾದರೂ ಅದರೊಳಗೇ ಹಾಯಬೇಕು. ಸಂದಿ ಹತ್ತಿರವಾದಂತೆ ಮಾಸ್ತರರು ಹಿಂದಕ್ಕೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ಆಮೇಲೆ ಯಾರೂ ಉಸಿರು ಉಳಿಸಿಕೊಳ್ಳುತ್ತಿರಲಿಲ್ಲ. ನಾವು ಊದಿದ್ದು ಗೋಡೆಗೆ ಬಡಿದು ನಮ್ಮ ಮೇಲೆಯೇ ಬೀಳುತ್ತಿತ್ತು. ದೊಡ್ಡ ಡ್ರಮ್ಮಿನ ಪೆಟ್ಟು ಎದೆಗೂಡಿನೊಳಗೆ ಬೀಳುತ್ತಿತ್ತು. ಹಲ್ಲಿನ ಬೇರು ಜುಮ್ಮೆನ್ನುತ್ತಿತ್ತು. ಮದುಮಗನ ಕುದುರೆ ಹಿಂದೆಗೆದರೆ ಹಿಡಿದವರು ಬಯ್ಯುತ್ತಿದ್ದರು, ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ನನ್ನ ಕಾರ್ನೆಟ್ ಯಾವುದು, ಚಾಂದಸಾಹೇಬರದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೆಲಸ ಸಿಗದ ನಾನು, ಹೆಸರಿದ್ದ ನಾನು, ಬಾಡಿಗೆಯ ಕೋಣೆಯ ನಾನು, ಯಾವನೂ ಅಲ್ಲಿ ಉಳಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸುಖ ನನಗೆ ಆವರೆಗೆ ಗೊತ್ತಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಮಾಸ್ತರರ ಹೆಂಡತಿ ಗಂಗವ್ವ ದೊಡ್ಡ ದನಿಯ ಹೆಂಗಸು ಎಂದು ಓಣಿಯೆಲ್ಲ ಹೇಳುತ್ತಿತ್ತು. ಉಪ್ಪು ತಂದುಕೊಡಿ ಎನ್ನುವುದನ್ನೂ ಆಕೆ ಜಗಳಕ್ಕೆ ಬಿದ್ದವರಂತೆ ಕೂಗುತ್ತಿದ್ದಳು. ಸಂಗಪ್ಪನ ಹೆಂಡತಿ ಗಿರಣಿ ಕೆಲಸಕ್ಕೆ ಹೋಗುತ್ತಿದ್ದರಿಂದ ಮೊಮ್ಮಗಳು ತುಂಗಿಯನ್ನು ನೋಡಿಕೊಳ್ಳುವುದೂ ಗಂಗವ್ವನ ಪಾಲಿಗೆ ಬಂದಿತ್ತು. ತುಂಗಿಗೆ ಆಗಷ್ಟೇ ಕಾಲು ಬಂದಿತ್ತು. ಒಂದು ದಿನ ನಾವೆಲ್ಲ ಸಾಲಾಗಿ ಕೂತು ಕೇಳುತ್ತಿದ್ದಾಗ, ನನ್ನ ಬೆನ್ನ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ಯಾರೋ ಬಹಳ ಮೆಲ್ಲಗೆ ಹೇಳಿದರು:

“ತಮ್ಮಾ, ಕೂಸಿನ ಕಡೆ ಒಂದಿಷ್ಟು ಕಿವಿ ಇಡು.”

ಹೊಸ ಹೆಂಗಸು ಯಾರು ಬಂದರೆಂದು ತಿರುಗಿದೆ. ಗಂಗವ್ವ ನಿಂತಿದ್ದಳು. ಆಕೆಗೆ ಅಂಥ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಸಾಲಿನಲ್ಲಿ ಬೇರೆ ಯಾರೂ ಕಣ್ಣು ತೆರೆಯಲಿಲ್ಲ. ತುಂಗಿ ಕಾಲಗೆಜ್ಜೆ ಉಲಿಸುತ್ತ ಹಿತ್ತಿಲ ಬಾಗಿಲಿನ ಕಡೆ ಹೊರಟಿತ್ತು. ಸಂಗಪ್ಪನ ಮೊಣಕಾಲಿಗೆ ಉಜ್ಜಿಕೊಂಡೇ ಹೋಯಿತು. ಹೆತ್ತ ತಂದೆ, ತಲೆ ಓರೆ ಮಾಡಿ, ತನ್ನೊಳಗಿನದನ್ನು ಕೇಳುತ್ತ ಕೂತಿದ್ದ. ನಾನು ಎದ್ದು ಹೋಗಿ ಕೂಸನ್ನು ಎತ್ತಿಕೊಂಡೆ.

ಅಡಿಗೆಮನೆಯಲ್ಲಿ ಗಂಗವ್ವ ಕೂಸನ್ನು ಇಸಿದುಕೊಂಡು ನನ್ನನ್ನೇ ನೋಡಿದಳು.

“ಗೆಜ್ಜಿ ಕೇಳಿಸ್ತೈತಿ ನಿನಗ?”

“ಕೇಳಿಸದ ಏನವ್ವಾ?”

“ಅವರಿಗೆ ಕೇಳಸೂದಿಲ್ಲ. ಗಂಡಸರ ಮಾತು ಕೇಳಿಸ್ತಾವ, ಡ್ರಮ್ಮು ಕೇಳಿಸ್ತೈತಿ. ಗೆಜ್ಜಿ ಇಲ್ಲ, ಬಳಿ ಸಪ್ಪಳ ಇಲ್ಲ, ನಾ ಇಲ್ಲ.” ಆಕೆ ಕೂಸಿನ ಮೂಗು ಒರೆಸಿದಳು. “ಶ್ರುತಿ ಬಂದವರಿಗೆ ಈ ಮನ್ಯಾಗ ಹುಗ್ಗಿ ಮಾಡಿ ಉಣ್ಣಸಬೇಕು, ಪದ್ಧತಿ ಐತಿ. ಗೋದಿ ಕುಟ್ಟಿ, ಬೆಲ್ಲ ಹಾಕಿ, ತಿರುವಿ ತಿರುವಿ ಮಾಡೀನಿ. ಒಂದೊಂದು ಸಲ ಹುಗ್ಗಿ ಇಳಿಸಿದಾಗೂ ನನ್ನ ಮಾತು ಕೇಳವರು ಒಬ್ಬರು ಕಡಿಮಿ ಆಗ್ಯಾರ. ಕಡೀಕ ನನ್ನ ಹೊಟ್ಟಿಲೇ ಹುಟ್ಟಿದಾಂವಗೂ ಮಾಡಿದೆ.”

ಆಕೆ ಅಳುತ್ತಿರಲಿಲ್ಲ. ಒಲೆಗೆ ಕಟ್ಟಿಗೆ ದೂಡುತ್ತ ಹೇಳಿದಳು. ಆಮೇಲೆ ದೇವರ ಬತ್ತಿಗೆ ಇಟ್ಟಿದ್ದ ಹತ್ತಿಯಲ್ಲಿ ಒಂದು ಹಿಡಿ ಕಿತ್ತು ನನ್ನ ಕೋಟಿನ ಕಿಸೆಗೆ ತುರುಕಿದಳು.

“ಎಣ್ಣಿ ಹಚ್ಚಿ ಕಿವಿಗೆ ಇಟಗೋ. ಈ ಮನ್ಯಾಗ ಕೇಳಾಂವ ಒಬ್ಬನಾದ್ರೂ ಇರ್ಲಿ.”

ಇಟ್ಟುಕೊಂಡೆ. ಟೊಪ್ಪಿಗೆಯನ್ನು ಕೆಳಗೆ ಎಳೆದುಕೊಂಡಿದ್ದರೂ ಮಾಸ್ತರರ ಕಣ್ಣಿಗೆ ಬಿತ್ತು. ನಡುರಸ್ತೆಯಲ್ಲಿ ಬ್ಯಾಂಡ್ ನಿಲ್ಲಿಸಿ, ಎರಡು ಬೆರಳಿನಲ್ಲಿ ಹತ್ತಿಯನ್ನು ಹೊರಗೆಳೆದು ಎಲ್ಲರಿಗೂ ತೋರಿಸಿದರು.

“ಹತ್ತಿ ಹೆಣದ ಮೂಗಿಗೆ ಇಡ್ತಾರಪಾ. ನೀ ಊದಾಕ ಬಂದೀಯೋ, ಹೊರಸ್ಕೊಂಡು ಹೋಗಾಕ ಬಂದೀಯೋ?”

ಎಲ್ಲರೂ ನಕ್ಕರು, ಮದುಮಗನೂ ನಕ್ಕ. ಅಂದಿನಿಂದ ಹತ್ತಿಯನ್ನು ಒಳಗೆ, ಇನ್ನೂ ಆಳಕ್ಕೆ ಇಟ್ಟುಕೊಳ್ಳತೊಡಗಿದೆ. ಹಾಗೆ ಒಂದು ಮದುವೆಯ ಹಂಗಾಮು ಕಳೆಯಿತು. ನಾವು ಸಾಲಾಗಿ ಕೂತಾಗಲೆಲ್ಲ ಗಂಗವ್ವ ಬಾಗಿಲಲ್ಲಿ ಬಂದು ಆ ಮೆಲುದನಿಯಲ್ಲಿ ಹೇಳುತ್ತಿದ್ದಳು, ನಾನು ಗೆಜ್ಜೆಯ ಜಾಡು ಹಿಡಿದು ಕೂರುತ್ತಿದ್ದೆ. ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಿದ್ದಳು. ತವರಿನ ಕತೆ ಹೇಳುತ್ತಿದ್ದಳು. ಒಮ್ಮೆ ಜೋಗುಳ ಹಾಡಿದಳು. ಅದನ್ನು ಆ ಮನೆಯ ಗಂಡಸರು ಯಾರೂ ಕೇಳಿರಲಾರರು. ಮಾಸ್ತರರು ಮಾತ್ರ ಪ್ರತಿ ಸಲ “ಬಂತೇನಪಾ?” ಎನ್ನುತ್ತಿದ್ದರು. “ಇಲ್ರೀ,” ಎನ್ನುತ್ತಿದ್ದೆ. ಚಾಂದಸಾಹೇಬರ ಹಲ್ಲು ಒಂದು ಬಿದ್ದೇ ಹೋಯಿತು. ಮುಂದಿನ ಸಾಲಿಗೆ ಬೇರೆ ಊರಿನಿಂದ ಯಾರನ್ನೋ ಕರೆಸುವ ಮಾತು ಹುಟ್ಟಿತು.

ಹತ್ತಿ ಇಟ್ಟುಕೊಂಡರೆ ಕೋಟೆ ಸಂದಿ ಬರೀ ಸಂದಿಯಾಗಿತ್ತು. ನಾನು ಬೇರೆ ಯಾರದೋ ಬಾಯಿಂದ ಊದಿಸುತ್ತಿದ್ದಂತೆ, ಮೆರವಣಿಗೆಯನ್ನು ಮುಚ್ಚಿದ ಕಿಟಕಿಯ ಒಳಗಿನಿಂದ ನೋಡುತ್ತಿದ್ದಂತೆ ಇರುತ್ತಿತ್ತು. ಎರಡನೆಯ ಹಂಗಾಮಿನ ಮೊದಲ ಮದುವೆಯಲ್ಲಿ, ಮಾಸ್ತರರು ಹಿಂದಕ್ಕೆ ತಿರುಗಿ ಹುಬ್ಬು ಹಾರಿಸಿದರು. ಗಂಗವ್ವ ನೆನಪಾಗಲಿಲ್ಲ ಎಂದರೆ ಸುಳ್ಳು. ಆದರೂ ಹತ್ತಿ ಕಿತ್ತು ಬಿಸಾಕಿದೆ. ಸದ್ದು ಪ್ರವಾಹದ ಹಾಗೆ ಒಳಗೆ ನುಗ್ಗಿತು. ಆ ಹಂಗಾಮು ಪೂರ್ತಿ ಹಾಗೆಯೇ ಊದಿದೆ, ಉಳಿದ ಹಲ್ಲಿನಲ್ಲೇ ಊದುತ್ತಿದ್ದ ಚಾಂದಸಾಹೇಬರ ಕಾರ್ನೆಟ್ಟನ್ನು ಹಿಂದಿನ ಸಾಲಿನಿಂದಲೇ ಮುಳುಗಿಸುವ ಹಾಗೆ.

ಕಡೆಯ ಮದುವೆಯ ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಓಣಿಯಲ್ಲಿ ಸಾಣೆ ಹಿಡಿಯುವವನು ಬಂದಿದ್ದ. ಚಕ್ರಕ್ಕೆ ಕತ್ತಿ ತಾಗಿಸಿದಾಗ ಏಳುವ ಸಣ್ಣ, ಚೂಪಾದ ಸದ್ದು. ಬಹಳ ಹೊತ್ತು ಅದು ನಿಲ್ಲಲಿಲ್ಲ. ಎದ್ದು ಕಿಟಕಿ ತೆರೆದೆ. ಓಣಿ ಖಾಲಿಯಾಗಿತ್ತು. ನಾಯಿಯೊಂದು ಮಲಗಿತ್ತು. ಕಿಟಕಿ ಮುಚ್ಚಿದೆ. ಸದ್ದು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಎರಡೂ ಕಿವಿಯನ್ನು ಅಂಗೈಯಿಂದ ಒತ್ತಿದೆ. ಸಾಣೆಯವನು ಒಳಗಿದ್ದ.

ಮಾಸ್ತರರಿಗೆ ಹೇಳಿದಾಗ ಅವರು ನನ್ನ ತಲೆಯನ್ನು ಹತ್ತಿರಕ್ಕೆ ಎಳೆದು, ನನ್ನ ಕಿವಿಗೆ ತಮ್ಮ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ಒಳಗೆ ಕೂಗಿ ಹೇಳಿದರು: “ಗಂಗಾ, ಹುಗ್ಗಿಗೆ ಗೋದಿ ನೆನೆ ಹಾಕು.” ಒಲೆಯ ಮುಂದೆ ಕೂತಿದ್ದ ಗಂಗವ್ವ ತಿರುಗಿ ನೋಡಲಿಲ್ಲ.

ಹುಗ್ಗಿಯ ದಿನ ಮಾಸ್ತರರು ನನ್ನ ಟೊಪ್ಪಿಗೆಗೆ ತಾವೇ ತುರಾಯಿ ಸಿಕ್ಕಿಸಿದರು. ಚಾಂದಸಾಹೇಬರು ಹಲ್ಲು ಉದುರಿದ ಬಾಯಿ ತುಂಬ ನಕ್ಕು, “ಹಲ್ಲು ತಿಕ್ಕೋತ ಇರು, ಅಷ್ಟ ಮಾಡು,” ಎಂದರು. ಊಟಕ್ಕೆ ಮೊದಲು ಸಾಲಾಗಿ ಕೂತೆವು. ನಾನು ಮೊದಲ ಬಾರಿ ಕಾಯದೆ ಕೂತೆ. ಕಣ್ಣು ಮುಚ್ಚಿದರೆ ಆ ಸದ್ದು ತೆಳ್ಳಗೆ, ಬೆಳ್ಳಿಯ ತಂತಿಯ ಹಾಗೆ ಉದ್ದಕ್ಕೆ ಹೋಗುತ್ತಿತ್ತು. ಅದರ ತುದಿ ಕಾಣುತ್ತದೇನೋ ಎಂದು ಹಿಂದೆಯೇ ಹೋದೆ. ಇವರೆಲ್ಲ ಇಷ್ಟು ವರ್ಷ ಹೋಗುತ್ತಿದ್ದದ್ದು ಇಲ್ಲಿಗೇ ಎಂದು ತಿಳಿಯಿತು. ಅಲ್ಲಿ ಯಾರೂ ಇರಲಿಲ್ಲ.

ಯಾರೋ ನೆರಳು ಮಾಡಿದಂತಾಗಿ ಕಣ್ಣು ತೆರೆದೆ. ಎದುರುಮನೆಯ ಹೆಂಗಸು ಹೊಸ್ತಿಲ ಮೇಲೆ ನಿಂತಿದ್ದಳು. ಕಂಕುಳಲ್ಲಿ ತುಂಗಿ. ಕೂಸಿನ ಅಂಗಿಯ ತುಂಬ ರಸ್ತೆಯ ಧೂಳು, ಒಂದು ಮೊಣಕಾಲು ತರಚಿತ್ತು. ಹೆಂಗಸಿನ ಬಾಯಿ ಒಂದೇ ಸಮನೆ ಆಡುತ್ತಿತ್ತು, ಕೈ ರಸ್ತೆಯ ಕಡೆ ತೋರಿಸುತ್ತಿತ್ತು. ನನಗೆ ತುಂಡು ತುಂಡಾಗಿ ಸಿಕ್ಕಿತು: ಬಂಡಿ ಗಾಲಿ, ಎತ್ತು, ಗೆಜ್ಜಿ ಬಡ್ಕೋತ, ಇಷ್ಟು ಮಂದಿ ಗಂಡಸರು. ಸಾಲಿನವರೆಲ್ಲ ಆಕೆಯನ್ನು ನೋಡಿ ಮುಗುಳ್ನಕ್ಕು ತಲೆಯಾಡಿಸುತ್ತಿದ್ದರು. ಮಾಸ್ತರರು, ಬ್ಯಾಂಡಿಗೆ ಹೇಳಲು ಬಂದವರನ್ನು ಮಾತಾಡಿಸುವಂತೆ, ಮರ್ಯಾದೆಯಿಂದ ಎದ್ದು ನಿಂತು ಕೇಳಿದರು:

“ಕುಂದರ್ರಿ ತಂಗೀ. ಮದುವಿ ಯಾವ ತಾರೀಖಿಗೆ ಐತಿ?”

ಹೆಂಗಸು ಮಾತು ನಿಲ್ಲಿಸಿದಳು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖ ನೋಡಿ, ಕೂಸನ್ನು ಕೆಳಗಿಳಿಸಿ, ಹಿಂದೆ ಹಿಂದೆ ಸರಿಯುತ್ತ ಹೊರಟುಹೋದಳು. ಹೆಣ ಕಂಡವರು ಹಾಗೆ ಸರಿಯುವುದನ್ನು ನೋಡಿದ್ದೇನೆ. ತುಂಗಿ ನಮ್ಮ ಮುಂದೆ ನಿಂತು ಅಳುತ್ತ ಎರಡೂ ಕಾಲನ್ನು ನೆಲಕ್ಕೆ ಬಡಿಯುತ್ತಿತ್ತು. ಗೆಜ್ಜೆಗಳು ಕುಣಿಯುತ್ತಿದ್ದವು. ನಾನು ಅವುಗಳನ್ನೇ ನೋಡಿದೆ. ಬೆಳ್ಳಿಯ ತಂತಿಯ ಸದ್ದು ಬಿಟ್ಟು ನನಗೆ ಬೇರೆ ಏನೂ ಕೇಳಿಸಲಿಲ್ಲ.

ಗಂಗವ್ವ ಬಂದಳು. ಹಿಟ್ಟಿನ ಕೈಯಲ್ಲೇ ಕೂಸನ್ನು ಎತ್ತಿ, ತಲೆಯಿಂದ ಕಾಲವರೆಗೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಂದೆ ನಿಂತು ಏನೋ ಹೇಳಿದಳು. ತುಟಿ ಮಾತ್ರ ಆಡಿತು.

“ಏನವ್ವಾ?” ಎಂದೆ.

ಆಕೆ ನನ್ನ ಮುಖದಲ್ಲಿ ಏನನ್ನೋ ಹುಡುಕಿದಳು, ಸಿಗಲಿಲ್ಲ. ಆಮೇಲೆ ಉಸಿರು ಎಳೆದುಕೊಂಡು, ಉಳಿದವರ ಜೊತೆ ಮಾತಾಡುವ ದೊಡ್ಡ ದನಿಯಲ್ಲಿ, ಓಣಿಗೆ ಕೇಳುವಂತೆ ಕೂಗಿದಳು: “ಬಾಗಲದಾಗ ನಿಂತು ಹೇಳಿದ್ನಲ್ಲೋ, ಕೂಸಿನ ಕಡೆ ಕಿವಿ ಇಡು ಅಂತ.”

ಅದು ನನಗೆ ಚೆನ್ನಾಗಿ ಕೇಳಿಸಿತು. ಅಂದಿನಿಂದ ಆಕೆಯ ಮಾತು ನನಗೆ ಹಾಗೆಯೇ ಕೇಳಿಸಿತು.

ಹುಗ್ಗಿ ಬಡಿಸಿದಳು, ಉಂಡೆವು. ನನಗೆ ತುಪ್ಪವನ್ನೂ ಹಾಕಿದಳು. ಉಂಡ ಮೇಲೆ ಕೂಸಿನ ಕಾಲಿನಿಂದ ಗೆಜ್ಜೆ ಬಿಚ್ಚಿ ಗೂಡಿನಲ್ಲಿಟ್ಟಳು. ಹಳೆಯ ಸೀರೆಯೊಂದರ ಅಂಚನ್ನು ಉದ್ದಕ್ಕೆ ಹರಿದು, ಒಂದು ತುದಿಯನ್ನು ತುಂಗಿಯ ನಡುವಿಗೆ ಕಟ್ಟಿದಳು. ಇನ್ನೊಂದು ತುದಿ ಹಿಡಿದು ಸಾಲಿನಲ್ಲಿದ್ದವರನ್ನೆಲ್ಲ ನೋಡಿದಳು. ಮಗನನ್ನೂ ನೋಡಿದಳು. ಕೊನೆಗೆ ನನ್ನ ಎಡಗೈ ಎಳೆದುಕೊಂಡು ಮಣಿಕಟ್ಟಿಗೆ ಗಂಟು ಹಾಕಿದಳು. ಆ ಗಂಟು ಬಿಗಿಯಾಗಿತ್ತು.

ನಾನು ಮುಂದಿನ ಸಾಲಿನಲ್ಲಿ ಬಹಳ ಕಾಲ ಊದಿದೆ. ಒಳ್ಳೆಯ ಹೆಸರೂ ಬಂತು. ಆ ಹುಗ್ಗಿಯ ದಿನ ಮಾತ್ರ, ಉಂಡಾದ ಮೇಲೆ ಎಲ್ಲರೂ ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಾಗ, ನಾನು ಮುಚ್ಚಲಿಲ್ಲ. ಕೂಸು ಪಡಸಾಲೆಯಲ್ಲಿ ಅತ್ತಿತ್ತ ಓಡಾಡುತ್ತಿತ್ತು. ಮಣಿಕಟ್ಟಿನಲ್ಲಿ ಸೀರೆಯ ಅಂಚು ಒಮ್ಮೆ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿಯಿತು. ಆಮೇಲೆ ಕೂಸು ಕಂಬದ ಆಚೆಗೆ ಹೋಗಿ ಮರೆಯಾಯಿತು. ಅಂಚು ಸಡಿಲಾಗಿ ನೆಲಕ್ಕೆ ಬಿತ್ತು. ನಾನು ಕೈಯನ್ನು ಅಲ್ಲಾಡಿಸದೆ ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಎಳೆತಕ್ಕಾಗಿ ಕಾದೆ.