ಹದಿನಾಲ್ಕು ದಳ

ಒಂದರೊಳಗೆ ಅನಂತವನ್ನಡಗಿಸಿ, ಅನಂತವನ್ನು ಮರಳಿ ಒಂದಾಗಿಸುವ ಮುಕ್ಕಣ್ಣನ ಅಡಿಗೆರಗಿ ಈ ಕಥೆಯನ್ನು ಹೇಳುತ್ತೇನೆ.

"ನಾಳೆ ಟಿ.ಸಿ. ಬರ್ಕೊಟ್ಬಿಡಿ ಮೇಡಂ. ಸವಳಂಗ ರಸ್ತೆ ಕಾನ್ವೆಂಟಿಗೆ ಸೇರಿಸ್ತೀನಿ," ಎಂದರು ಕೊಟ್ರಬಸಪ್ಪ. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಿ ಮಲವಗೊಪ್ಪದಲ್ಲಿ ಮನೆ ಕಟ್ಟಿದ್ದ ಅವರಿಗೆ ಮೂವತ್ತರವರೆಗಿನ ಮಗ್ಗಿ ಕಂಠಸ್ಥವಾಗಿತ್ತು. ಎರಡನೆಯ ತರಗತಿಯ ಮೊಮ್ಮಗಳು ಸ್ಫೂರ್ತಿಗೆ ಮೂರರ ಮಗ್ಗಿಯೂ ಬಾರದು.

"ನಲಿ-ಕಲಿ ಅಂತೀರಿ. ನಲಿಯೋದಾಯ್ತು, ಕಲಿಯೋದ್ಯಾವಾಗ? ಕಲ್ಲು, ಕಡ್ಡಿ ಗುಂಪು ಮಾಡ್ಕೊಂಡು ಕೂರ್ತಾಳೆ!"

"ಒಂದು ಸಲ ನೀವೇ ಕೇಳಿ ನೋಡಿ, ಯಜಮಾನ್ರೇ," ಎಂದರು ಅವರ ಮನೆಗೆ ಬಂದಿದ್ದ ಶಿಕ್ಷಕಿ ಬಸವರಾಜೇಶ್ವರಿ. ಮಗುವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಕೊಟ್ರಬಸಪ್ಪನವರು ಮೊಮ್ಮಗಳನ್ನು ಕರೆದು, ಪೂಜೆಗೆಂದು ಆಯ್ದಿಟ್ಟಿದ್ದ ಬಿಲ್ವಪತ್ರೆಗಳಲ್ಲಿ ಐದನ್ನು ಮಣೆಯ ಮೇಲೆ ಸಾಲಾಗಿರಿಸಿದರು.

"ಒಂದು ಪತ್ರೆಗೆ ಮೂರು ದಳ. ಒಟ್ಟು ಎಷ್ಟು? ಬಾಯಿ ಬಿಡೇ ಮಾರಾಯ್ತಿ!"

ಹುಡುಗಿ ಬಾಗಿ ನೋಡಿದಳು. "ಹದಿನಾಕು."

ವೃದ್ಧರು ತೊಡೆ ತಟ್ಟಿ ನಕ್ಕರು. "ಕೇಳಿದ್ರಾ? ಮೂರೈದ್ಲಿ ಹದಿನೈದು ಕಣೇ!"

"ಅದು ಎಲ್ಲಾ ಗುಂಪೂ ಸಮ ಇದ್ರೆ, ಅಜ್ಜ. ಇದ್ರಲ್ಲಿ ಎರಡೇ ಐತೆ." ನಾಲ್ಕನೆಯ ಪತ್ರೆಯ ತೊಟ್ಟನ್ನು ಅವಳು ಎತ್ತಿ ಹಿಡಿದಳು. "ಕನ್ನಡಕ ಹಾಕ್ಕೊ."

ಅವರು ಕನ್ನಡಕ ಧರಿಸಿದರು. ಒಂದು ದಳ ಎಂದೋ ಉದುರಿಹೋಗಿತ್ತು. ಮುಕ್ಕಾದ ಪತ್ರೆ ಶಿವನ ಮುಡಿಗೆ ಸಲ್ಲದೆಂಬುದು ಅವರು ಎಂದೂ ಮೀರದ ನೇಮ. ಹುಡುಗಿ ಅದನ್ನು ಬದಿಗಿರಿಸಿ, ತುಂಬು ಪತ್ರೆಯೊಂದನ್ನು ಅದರ ಜಾಗದಲ್ಲಿಟ್ಟಳು.

"ಈಗ ಹದಿನೈದು."

"ಇನ್ನೊಂದು ಇಟ್ರೆ?" ಅಜ್ಜನ ದನಿ ಇಳಿದಿತ್ತು.

"ಇನ್ನೊಂದು ಮೂರು ತಾನೆ? ಹದಿನೆಂಟು." ಅವಳು ಎಣಿಸಲೂ ಇಲ್ಲ.

ಕೊಟ್ರಬಸಪ್ಪನವರು ಎದ್ದು ಬಾಗಿಲಿಗೆ ಬಂದು ಬೀದಿಯತ್ತ ಕೂಗಿದರು: "ಏ ಧರ್ಮಪ್ಪ, ವೀರಮ್ಮ, ಬರ್ರೋ ಇಲ್ಲಿ! ಶಿವನಿಗೆ ಆಗ್ತಿದ್ದ ಅಪಚಾರ ನನ್ನ ಮೊಮ್ಮಗಳು ತಪ್ಪಿಸಿದ್ಲು! ಇವ್ರೇ ನೋಡಿ, ಅವಳ ಟೀಚರು. ಬೇರೆ ಶಾಲೆ ಯಾಕ್ರೀ ಬೇಕು?"

ನೆರೆಯವರು ಒಳಗೆ ನೆರೆದು ಮಾತಿಗೆ ತೊಡಗಿದಾಗ ಬಸವರಾಜೇಶ್ವರಿ ಹೊಸ್ತಿಲಿನತ್ತ ನೋಡಿದರು. ಸ್ಫೂರ್ತಿ ಮೆಟ್ಟಿಲಿನ ಬಳಿ ಕುಕ್ಕುರುಗಾಲಲ್ಲಿ ಕುಳಿತು, ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೊತೆಜೊತೆಯಾಗಿ ಜೋಡಿಸುತ್ತಿದ್ದಳು.

ಇದನ್ನು ಕೇಳಿದವರ ಮನೆಮಕ್ಕಳ ಬುದ್ಧಿ ಬೆಳಗಲಿ. ಕಲಿಸುವವರ ಕೈ ಹಸನಾಗಿರಲಿ. ಸರ್ವರಿಗೂ ಶಿವನು ಸಮನಾಗಿ ಒಲಿಯಲಿ.