ಚೋಕ್ ಇಲ್ಲದ ಕಾರ್ಬ್ಯುರೇಟರ್

"ಹೇಳೇ, ಇವೆರಡರಲ್ಲಿ ಯಾವುದು ತರ್ಲಿ?"

ರಾಯ್ಸ್ ಹೀಗೆ ಕೇಳಿದಾಗ ವರ್ನಾ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಕೈ ಒರೆಸಿಕೊಳ್ಳುತ್ತ ಬಂದಳು. ಊಟದ ಮೇಜಿನ ಮೇಲೆ ಕಾರಿನ ಬಿಡಿಭಾಗಗಳ ಕ್ಯಾಟಲಾಗ್ ಬಿಡಿಸಿಟ್ಟಿತ್ತು, ಪುಟದಲ್ಲಿ ಎರಡು ಕಾರ್ಬ್ಯುರೇಟರ್‌ಗಳ ಚಿತ್ರ. ಮದುವೆಯಾದಾಗಿನಿಂದ ಕಾರಿನ ವಿಷಯದಲ್ಲಿ ಗಂಡ ಅವಳನ್ನು ಕೇಳಿದ್ದು ಅದೇ ಮೊದಲು. ಆ ಹಳೆಯ ಶೆವಿ ಕಾರಿನ ಎಂಜಿನ್ನನ್ನು ಅವನು ಗ್ಯಾರೇಜಿನಲ್ಲಿ ಕೂತು ತಾನೇ ಬಿಚ್ಚಿ ಕಟ್ಟಿದ್ದ. ಅವಳ ಪುಟ್ಟ ಕಾರು ತುಕ್ಕು ಹಿಡಿದು ಗುಜರಿ ಸೇರಿದ ಮೇಲೆ ಮನೆಗೆ ಉಳಿದದ್ದು ಅದೊಂದೇ.

"ಚಿಕ್ಕದಕ್ಕೆ ಚೋಕ್ ಇದೆ. ಎಂಥಾ ಥಂಡಿಯಲ್ಲೂ ಸ್ಟಾರ್ಟ್ ಆಗುತ್ತೆ. ದೊಡ್ಡದು ರೇಸಿನವರದ್ದು. ಚೋಕ್ ಇಲ್ಲ, ಆದ್ರೆ ಕಾಲಿಟ್ರೆ ಹಾರುತ್ತೆ."

"ಒಹಾಯೋದ ಚಳೀಲಿ ಎಲ್ಲಿಗೆ ಹಾರ್ತೀಯ ಮಾರಾಯ? ನಾನೂ ಓಡಿಸ್ಬೇಕಲ್ಲ. ಚಿಕ್ಕದೇ ಇರ್ಲಿ."

"ಸರಿ, ಹಾಗೇ ಮಾಡೋಣ."

ಆ ಸಂಜೆಯೆಲ್ಲ ವರ್ನಾ ಸಣ್ಣಗೆ ಹಾಡು ಗುನುಗುತ್ತಿದ್ದಳು.

ಶನಿವಾರ ಅಂಗಡಿಯಲ್ಲಿ ರಾಯ್ಸನ ಗೆಳೆಯ ಡೆಲ್ಬರ್ಟ್ ಸಿಕ್ಕಿದ. "ಇಷ್ಟು ಚೆಂದದ ಎಂಜಿನ್ನಿಗೆ ಈ ಚಿಕ್ಕದನ್ನ ಹಾಕ್ತೀಯೇನೋ? ಮನೇಲಿ ಅಪ್ಪಣೆ ಕೇಳ್ಕೊಂಡು ಬಂದ್ಯಾ?" ಎಂದ. ಕೌಂಟರಿನ ಬಳಿ ನಿಂತವರು ನಕ್ಕರು. ರಾಯ್ಸ್ ದೊಡ್ಡದನ್ನೇ ತಂದ.

"ಮತ್ತೆ ನನ್ನನ್ನ ಕೇಳಿದ್ಯಾಕೆ?" ಎಂದಳು ವರ್ನಾ.

"ಬೇಸಿಗೆ ಬರ್ಲಿ, ಆಮೇಲೆ ಹೇಳು," ಎಂದು ಅವನು ಬಾನೆಟ್ಟಿನೊಳಗೆ ತಲೆ ಹಾಕಿದ.

ಜನವರಿಯಲ್ಲಿ ಅವಳ ಅಕ್ಕ ಐವಲೀನ್‌ಗೆ ಕೊಲಂಬಸ್ಸಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನ ಅಕ್ಕ ಫೋನ್ ಮಾಡಿದಳು. "ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು ಕಣೇ. ಯಾಕೋ ಭಯ ಆಗ್ತಿದೆ."

ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ರಾಯ್ಸ್ ಕೀಲಿ ತಿರುಗಿಸಿದ, ಪೆಡಲ್ ತುಳಿದ, ಮತ್ತೆ ತಿರುಗಿಸಿದ. ಎಂಜಿನ್ ನರಳಿತೇ ಹೊರತು ಹತ್ತಿಕೊಳ್ಳಲಿಲ್ಲ. ಕಾರಿನ ತುಂಬ ಪೆಟ್ರೋಲ್ ವಾಸನೆ.

"ಪ್ಲಗ್ ತೋಯ್ದಿರ್ಬೇಕು. ಇನ್ನೊಂದೇ ಸಲ," ಎಂದ. ಹಾಗೆ ಹೇಳುತ್ತಲೇ ಬ್ಯಾಟರಿಯನ್ನೂ ಮುಗಿಸಿದ. ವರ್ನಾ ಇಳಿದು ಪಕ್ಕದ ಮನೆಯ ಬಾಗಿಲು ಬಡಿದಳು.

ನೆರೆಯವರ ಕಾರಿನಲ್ಲಿ ಅವಳು ತಲುಪುವ ವೇಳೆಗೆ ಅಕ್ಕನ ಮಂಚ ಖಾಲಿಯಿತ್ತು. "ಬಾಗಿಲ ಕಡೆನೇ ನೋಡ್ತಾ ಇದ್ರು," ಎಂದಳು ನರ್ಸ್. ಐವಲೀನ್ ಮತ್ತೆ ಕಣ್ಣು ಬಿಡಲಿಲ್ಲ.

ಮಣ್ಣು ಮುಗಿದ ವಾರದಲ್ಲೇ ರಾಯ್ಸ್ ಯಾರನ್ನೂ ಕೇಳದೆ ದೊಡ್ಡದನ್ನು ಬಿಚ್ಚಿ ಚಿಕ್ಕದನ್ನು ಕೂರಿಸಿದ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈಗ ಸರಿಹೋಯ್ತು, ವರ್ನಾ," ಎಂದ.

"ಹೌದಾ. ಒಳ್ಳೇದಾಯ್ತು," ಎನ್ನುತ್ತ ಅವಳು ಕೋಟಿನ ಗುಂಡಿ ಹಾಕಿಕೊಂಡು ಕೆಲಸಕ್ಕೆ ಹೊರಟಳು.

ಬಸ್ ನಿಲ್ದಾಣದವರೆಗೂ ಅವನು ಕಾರನ್ನು ನಿಧಾನವಾಗಿ ಅವಳ ಪಕ್ಕದಲ್ಲೇ ತಂದ. ಅಲ್ಲಿ ನಿಲ್ಲಿಸಿ, ಅಡ್ಡ ಬಾಗಿ ಅವಳ ಕಡೆಯ ಬಾಗಿಲು ತೆರೆದ. ವರ್ನಾ ಕೈಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತಳು. ಎಂಜಿನ್ ಒಂದಿಷ್ಟೂ ತಡವರಿಸದೆ ಓಡುತ್ತಿತ್ತು. ತೆರೆದ ಬಾಗಿಲಿನಿಂದ ಹಿಮ ಒಳಗೆ ಹಾರಿ ಖಾಲಿ ಸೀಟಿನ ಮೇಲೆ ಬೀಳುತ್ತಿತ್ತು.